ಸಾಯುವುದಿಲ್ಲ ಅಂದರು ಡಾಕ್ಟರು

ಚಪ್ಪಲಿ ಕಳಚಿದ್ದು ನನಗೆ ಗೊತ್ತಾಗಲೇ ಇಲ್ಲ.

ಡ್ಯೂಟಿ ಮುಗಿಸಿ ಚಾಮರಾಜಪೇಟೆಯ ಮನೆಗೆ ನಡೆದು ಬರುತ್ತಿದ್ದೆ. ಏಪ್ರಿಲ್ ತಿಂಗಳ ಮಧ್ಯಾಹ್ನ. ಹಿಂದಿನಿಂದ ಹೂವು ಮಾರುವವಳು ಕೂಗಿದಳು: "ಅಮ್ಮಾ, ಒಂದು ಚಪ್ಪಲಿ ಅಲ್ಲೇ ಬಿಟ್ಬಂದಿದೀರಲ್ಲ!" ತಿರುಗಿ ನೋಡಿದೆ. ಎಡಗಾಲಿನದು ಎಷ್ಟೋ ಹಿಂದೆ, ಸೋಡಾ ಅಂಗಡಿಯ ಮುಂದೆ ಬಿದ್ದಿತ್ತು. ಅಲ್ಲಿಂದ ಇಲ್ಲಿಯವರೆಗೆ ಒಂದು ಕಾಲಿನಲ್ಲಿ ಚಪ್ಪಲಿ, ಒಂದು ಬರಿಗಾಲು.

ರಸ್ತೆಯ ಟಾರು ಕರಗುತ್ತಿತ್ತು. ನನ್ನ ಕಾಲಿಗೆ ಬಿಸಿ ತಾಗಿರಲಿಲ್ಲ.

ನಗು ಬಂತು. ಮನೆಗೆ ಬಂದು ನೀಲಕ್ಕನಿಗೆ ಹೇಳಿದೆ. ನೀಲಕ್ಕ ನನ್ನ ಓರಗಿತ್ತಿ, ಭಾವನ ಹೆಂಡತಿ. "ನಿಂಗೆ ಯಾವಾಗ್ಲೂ ಯೋಚನೆ ಜಾಸ್ತಿ, ನೆಲ ನೋಡ್ಕೊಂಡು ನಡಿ" ಅಂದರು. ಕಾಲು ತೊಳೆಯಲು ಹೋದಾಗ ಅಂಗಾಲು ನೋಡಿದೆ. ದೊಡ್ಡ ಬೊಬ್ಬೆ ಎದ್ದಿತ್ತು. ಒತ್ತಿದೆ. ನೋವಿರಲಿಲ್ಲ. ಆಗ ನಗು ನಿಂತಿತು.

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಆಪರೇಟರ್ ಆಗಿದ್ದೆ. ಕಿವಿಗೆ ಹೆಡ್‌ಸೆಟ್, ಎದುರಿಗೆ ಸಾಲು ಸಾಲು ತೂತುಗಳ ಬೋರ್ಡು, ಕೈಯಲ್ಲಿ ಪ್ಲಗ್ಗು. ಮದರಾಸು ಕೇಳಿದವರಿಗೆ ಮದರಾಸು, ಬೊಂಬಾಯಿ ಕೇಳಿದವರಿಗೆ ಬೊಂಬಾಯಿ. ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದ ಕೆಲಸ. ಆ ಬೇಸಿಗೆಯಲ್ಲೇ ಒಂದೊಂದು ತೂತು ಎರಡೆರಡಾಗಿ ಕಾಣತೊಡಗಿತು. ಯಾವುದು ನಿಜವಾದದ್ದು ಅಂತ ಪ್ಲಗ್ಗು ಹಿಡಿದುಕೊಂಡು ತಡಕಾಡುತ್ತಿದ್ದೆ. ಪಕ್ಕದ ಸೀಟಿನ ಗೆಳತಿ ನನಗೆ ಬಂದ ಟ್ರಂಕ್ ಕಾಲ್‌ಗಳನ್ನೂ ತಾನೇ ತೆಗೆದುಕೊಂಡು ಸ್ವಲ್ಪ ದಿನ ಮುಚ್ಚಿಹಾಕಿದಳು.

ಬೀದಿ ಕೊನೆಯ ಡಾಕ್ಟರು ನರದ ವೀಕ್‌ನೆಸ್ ಅಂದರು. ಕೆಂಪು ಬಣ್ಣದ ಇಂಜೆಕ್ಷನ್ ಕೊಟ್ಟರು. ಕಣ್ಣು ಸರಿಹೋಯಿತು. ಅದು ಇಂಜೆಕ್ಷನ್ನಿನ ಪುಣ್ಯವಲ್ಲ, ಈ ಕಾಯಿಲೆ ಹೀಗೇ ಬಂದು ಹೋಗಿ ಮಾಡುತ್ತದೆ ಎಂದು ಆಮೇಲೆ ತಿಳಿಯಿತು. ದೀಪಾವಳಿ ಹೊತ್ತಿಗೆ ಎರಡೂ ಕಾಲು ಮರದ ಕೊರಡಿನಂತಾದವು. ಒಂದು ದಿನ ಡ್ಯೂಟಿಯ ಕುರ್ಚಿಯಲ್ಲೇ ಸೀರೆ ಒದ್ದೆಯಾಯಿತು. ಒದ್ದೆಯಾದದ್ದು ಗೊತ್ತಾದದ್ದು ನೆಲ ನೋಡಿದಾಗ.

ನನಗಾಗ ಮೂವತ್ತೇಳು.

ದೊಡ್ಡಾಸ್ಪತ್ರೆಗೆ ಸೇರಿಸಿದರು. ಬೆನ್ನಿನಿಂದ ನೀರು ತೆಗೆದರು. ಕಣ್ಣೊಳಗೆ ಲೈಟು ಬಿಟ್ಟು ನೋಡಿದರು. ಕೊನೆಗೆ ದೊಡ್ಡ ಡಾಕ್ಟರು ನನ್ನ ಯಜಮಾನರನ್ನೂ ಭಾವನನ್ನೂ ರೂಮಿನ ಹೊರಗೆ ಕರೆದರು. ನಾನು ಮಂಚದ ಮೇಲಿಂದಲೇ ಕೂಗಿದೆ: "ಡಾಕ್ಟ್ರೇ, ಕಾಯಿಲೆ ನನ್ನದು. ನನಗೆ ಹೇಳಿ. ಅವರೂ ಇಲ್ಲೇ ಕೇಳಿಸಿಕೊಳ್ಳಲಿ."

ಡಾಕ್ಟರು ವಾಪಸ್ಸು ಬಂದರು. ಒಳ್ಳೆಯ ಮನುಷ್ಯ. ಸ್ಟೂಲು ಎಳೆದುಕೊಂಡು ಕೂತರು.

"ಇದರ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್. ನರದ ಮೇಲೆ ಒಂದು ಹೊದಿಕೆ ಇರತ್ತೆ, ವೈರಿನ ಮೇಲೆ ರಬ್ಬರು ಇರೋ ಹಾಗೆ. ಅದು ಅಲ್ಲಲ್ಲಿ ಸವೆದುಹೋಗತ್ತೆ. ವಾಸಿ ಮಾಡೋ ಔಷಧಿ ಇಲ್ಲ. ಜಾಸ್ತಿ ಆದಾಗ ಸ್ಟೀರಾಯ್ಡ್ ಕೊಟ್ಟು ತಡೀಬಹುದು, ಅಷ್ಟೆ."

ವೈರಿನ ಮಾತು ನನಗೆ ಅರ್ಥವಾಯಿತು. ಲೈನು ಕೆಟ್ಟರೆ ಏನೇನಾಗುತ್ತದೆಂದು ದಿನಾ ನೋಡಿದವಳು ನಾನು.

ಭಾವ ಕೇಳಿದರು: "ಇನ್ನು ಎಷ್ಟು ದಿವಸ, ಡಾಕ್ಟ್ರೇ?"

"ಏನು ಎಷ್ಟು ದಿವಸ?"

"ಅಂದರೆ... ಇವಳು..."

"ಓ, ಅದಾ? ಇದು ಸಾಯೋ ಕಾಯಿಲೆ ಅಲ್ಲ. ಇಪ್ಪತ್ತು ವರ್ಷ, ಮೂವತ್ತು ವರ್ಷ ಇರಬಹುದು. ಆದರೆ ಮುಂದೆ ಮುಂದೆ ಯಾರಾದರೂ ಪೂರ್ತಿ ನೋಡಿಕೊಳ್ಳಬೇಕಾಗತ್ತೆ."

ಭಾವನ ಮುಖ ಇಳಿದುಹೋಯಿತು.

ಅವರು ಕೆಟ್ಟವರೆಂದು ಹೇಳುತ್ತಿಲ್ಲ. ಮಾಮೂಲ್‌ಪೇಟೆಯ ನಮ್ಮ ಹಗ್ಗದ ಅಂಗಡಿಯನ್ನು ಮಾವನವರ ನಂತರ ನಡೆಸಿಕೊಂಡು ಬಂದವರು ಅವರೇ. ನನ್ನ ಯಜಮಾನರು, ಬಸವರಾಜು, ತಮ್ಮ ಅಣ್ಣನ ಕೈಕೆಳಗೇ ಆ ಅಂಗಡಿಯಲ್ಲಿ ಬೆಳೆದವರು. ನಾನು ಆರು ತಿಂಗಳಲ್ಲಿ ಸಾಯುತ್ತೇನೆಂದು ಡಾಕ್ಟರು ಹೇಳಿದ್ದರೆ ಭಾವ ಅಂಗಡಿ ಅಡವಿಟ್ಟಾದರೂ ನನ್ನನ್ನು ವೆಲ್ಲೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರು, ಅದರಲ್ಲಿ ನನಗೆ ಅನುಮಾನವಿಲ್ಲ. ಸಾವಿಗೆ ಏನು ಮಾಡಬೇಕೆಂದು ನಮ್ಮ ಮನೆತನಕ್ಕೆ ಗೊತ್ತಿತ್ತು. ಹಾಸಿಗೆ ಹಿಡಿದ ಹೆಂಗಸೊಬ್ಬಳು ಮೂವತ್ತು ವರ್ಷ ಬದುಕುತ್ತೇನೆಂದು ಕೂತರೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಆಸ್ಪತ್ರೆಯಿಂದ ಬಂದ ಮೊದಲನೇ ಭಾನುವಾರ ಊಟವಾದ ಮೇಲೆ ಭಾವ ಎಲ್ಲರನ್ನೂ ಹಜಾರದಲ್ಲಿ ಕೂರಿಸಿದರು. ನನ್ನನ್ನು ಯಜಮಾನರು ಹಿಡಿದುಕೊಂಡು ಬಂದು ಬೆತ್ತದ ಕುರ್ಚಿಯಲ್ಲಿ ಕೂರಿಸಿದರು. ನನ್ನ ಮಗಳು ಉಮಾ ಅಡುಗೆಮನೆ ಬಾಗಿಲಿಗೆ ಒರಗಿ ನಿಂತಿದ್ದಳು. ಆಗ ಅವಳು ಏಳನೇ ಕ್ಲಾಸು.

ಮಾತು ನನ್ನ ಸೈಟಿನದು. ತ್ಯಾಗರಾಜನಗರದ ಕಡೆ ಬಡಾವಣೆ ಆಗುತ್ತಿದ್ದಾಗ ನನ್ನ ಸಂಬಳದಲ್ಲಿ ಉಳಿಸಿ, ತವರಿನ ಎರಡು ಬಳೆ ಮಾರಿ ಒಂದು ಸೈಟು ಕೊಂಡಿದ್ದೆ. ಆಗ ಅಲ್ಲಿ ಮುಳ್ಳುಗಿಡ, ಕಲ್ಲುಬಂಡೆ. ಎಲ್ಲರೂ ನಕ್ಕಿದ್ದರು. ಈಗ ಆ ಕಡೆ ಮನೆಗಳು ಎದ್ದಿದ್ದವು, ಬಸ್ಸು ಬಂದಿತ್ತು. ಈಗ ಯಾರೂ ನಗುತ್ತಿರಲಿಲ್ಲ.

"ನೋಡಮ್ಮಾ ಗಿರಿಜಾ," ಭಾವ ಶುರುಮಾಡಿದರು. "ಸೈಟನ್ನ ನನ್ನ ಹೆಸರಿಗೆ ದಾನಪತ್ರ ಮಾಡಿಬಿಡು. ಮನೆತನದ ಆಸ್ತಿ ಜೊತೆ ಸೇರಿಕೊಳ್ಳಲಿ. ಕೈ ಸರಿಯಾಗಿರೋವಾಗಲೇ ಒಂದು ಸಹಿ ಹಾಕಿದರೆ ಮುಗೀತು. ಆಮೇಲೆ ನಿನ್ನ ಯೋಗಕ್ಷೇಮ ನಮ್ಮದು. ನಾವು ನೋಡ್ಕೊಳ್ಳಲ್ವಾ?"

"ನೋಡ್ಕೊಳ್ಳೋದು ಯಾರು, ಭಾವ?"

"ಯಾರು ಅಂದರೆ? ಮನೆಯವರು."

"ಮನೆಯವರಿಗೆಲ್ಲ ಒಂದೊಂದು ಹೆಸರಿದೆಯಲ್ಲ. ಹಿತ್ತಲ ಕಕ್ಕಸಿಗೆ ದಿನಾ ನನ್ನನ್ನ ಎತ್ತಿಕೊಂಡು ಹೋಗೋರ ಹೆಸರು ಹೇಳಿ. ಒಳಗೆ ಹಿಡಿದುಕೊಂಡು ಕೂರಿಸಬೇಕು, ತೊಳೀಬೇಕು. ಇವತ್ತಲ್ಲ, ಮೂವತ್ತು ವರ್ಷ."

ನೀಲಕ್ಕ ತಮ್ಮ ಮಂಡಿಯ ಮೇಲೆ ಕೈಯಿಟ್ಟುಕೊಂಡು ಕೆಳಗೆ ನೋಡಿದರು. ಅವರಿಗೆ ಆಗಲೇ ಮಂಡಿನೋವು. ನೆಲಕ್ಕೆ ಕೂತರೆ ಏಳಲು ಗೋಡೆ ಹಿಡಿಯಬೇಕಿತ್ತು. ನನ್ನ ಯಜಮಾನರು ನೆಲದ ರೆಡ್ ಆಕ್ಸೈಡಿನಲ್ಲಿ ಏನೋ ಹುಡುಕುತ್ತಿದ್ದರು.

ಭಾವ ಬಾಗಿಲ ಕಡೆ ನೋಡಿದರು. "ಉಮಾ ಇದ್ದಾಳಲ್ಲ. ಈ ವರ್ಷ ಏಳನೇದು ಮುಗಿಯತ್ತೆ. ಹೆಣ್ಣುಮಗೂಗೆ ಅಷ್ಟು ಓದು ಸಾಕು. ತಾಯಿ ಸೇವೆಗಿಂತ ಇನ್ನೇನಿದೆ?"

ಉಮಾ ನನ್ನ ಮುಖ ನೋಡಿದಳು. ಹೂಂ ಅನ್ನಲು ಅವಳು ತಯಾರಾಗಿದ್ದಳು. ಅದು ಅವಳ ಕಣ್ಣಿನಲ್ಲಿ ಕಾಣುತ್ತಿತ್ತು.

ಕುರ್ಚಿಯ ಕೈ ಹಿಡಿದು ನೆಟ್ಟಗೆ ಕೂತೆ.

"ಸೈಟು ಕೊಡಲ್ಲ ಭಾವ," ಅಂದೆ. "ಉಮಾನೂ ಕೊಡಲ್ಲ."

ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ಭಾವನ ಎದುರು ಯಾರೂ ಹಾಗೆ ಮಾತಾಡಿರಲಿಲ್ಲ. ಅವರು ಎದ್ದು ಹೆಗಲ ಮೇಲೆ ವಲ್ಲಿ ಹಾಕಿಕೊಂಡು ಭಾನುವಾರವಾದರೂ ಅಂಗಡಿಯ ಕಡೆ ಹೊರಟುಹೋದರು.

ನಮ್ಮ ರೂಮಿಗೆ ಬಂದ ಮೇಲೆ ಯಜಮಾನರನ್ನು ಕೇಳಿದೆ: "ರೀ, ನೀವು ಒಂದು ಮಾತು ಆಡಬಹುದಾಗಿತ್ತು."

"ಅಣ್ಣನ ಎದುರಿಗೆ ಹೆಂಗೆ ಆಡ್ಲಿ ಗಿರಿಜಾ?"

"ಡಾಕ್ಟ್ರು ಮೂವತ್ತು ವರ್ಷ ಅಂದಿದಾರೆ. ಮೂವತ್ತು ವರ್ಷಾನೂ ಹೀಗೇ ನೆಲ ನೋಡ್ಕೊಂಡು ಕೂತಿರ್ತೀರಾ?"

ಅವರು ಅತ್ತರು. ನನಗೆ ಕನಿಕರ ಬರಲಿಲ್ಲ. ಆ ದಿನಗಳಲ್ಲಿ ನನ್ನಲ್ಲಿ ಕನಿಕರ ಎಂಬುದು ಯಾರಿಗೂ ಮಿಕ್ಕಿರಲಿಲ್ಲ, ನನಗೂ ಸೇರಿ.

ಎಕ್ಸ್‌ಚೇಂಜಿನ ಗೆಳತಿ ಒಬ್ಬ ವಕೀಲರ ಹೆಸರು ಹೇಳಿದಳು. ಗಾಂಧಿಬಜಾರಿನಲ್ಲಿ ಆಫೀಸು, ಮಹಡಿ ಮೇಲೆ. ಆಟೋದಲ್ಲಿ ನಾನೂ ಅವಳೂ ಹೋದೆವು. ಕಡಿದಾದ ಮೆಟ್ಟಿಲು ನೋಡಿ ನಾನು ಆಟೋದಿಂದ ಇಳಿಯಲೇ ಇಲ್ಲ. ಗೆಳತಿ ಹತ್ತಿ ಹೋಗಿ ಹೇಳಿದಳು. ಸ್ವಲ್ಪ ಹೊತ್ತಿಗೆ ವಕೀಲರೇ ಕರಿ ಕೋಟು ತೆಗೆದಿಟ್ಟು ಕೆಳಗಿಳಿದು ಬಂದರು. ಡ್ರೈವರನ್ನು ಕಾಫಿಗೆ ಕಳಿಸಿ, ಆಟೋದೊಳಗೆ ನನ್ನ ಪಕ್ಕ ಕೂತರು. ಹೊರಗೆ ಹೂವಿನವರ ಕೂಗು, ಸೈಕಲ್ಲುಗಳ ಗಂಟೆ. ನಾನು ಉಯಿಲು ಬರೆಸಬೇಕು ಅಂದೆ.

"ಬರೆಯೋಣ. ಆದರೆ ಉಯಿಲು ಕೆಲಸ ಮಾಡೋದು ನೀವು ಹೋದ ಮೇಲೆ. ನೀವು ಹೋಗೋದಿಲ್ಲ ಅಂತಿದೀರಿ."

"ಹೋಗೋದಿಲ್ಲ."

"ಹಾಗಾದರೆ ಆಸ್ತಿ ಯಾರಿಗೆ ಅನ್ನೋದು ಆಮೇಲಿನ ಮಾತು. ಮೊದಲು ಅದು ನಿಮ್ಮನ್ನ ಹೇಗೆ ಸಾಕತ್ತೆ, ಅದು ಹೇಳಿ."

ಅಷ್ಟು ದಿನ ಎಲ್ಲರೂ ಆ ಸೈಟನ್ನು ನನ್ನ ಹೆಣದ ಪಕ್ಕದಲ್ಲಿಟ್ಟು ಮಾತಾಡಿದ್ದರು. ಇವರು ನನ್ನ ಊಟದ ತಟ್ಟೆಯ ಪಕ್ಕದಲ್ಲಿಟ್ಟರು. ಎಷ್ಟೋ ತಿಂಗಳ ಮೇಲೆ ಮೊದಲ ಸಲ ನನ್ನ ತಲೆ ಓಡತೊಡಗಿತು. ಅಲ್ಲೇ ಆಟೋದಲ್ಲಿ ಕೂತು ಲೆಕ್ಕ ಹಾಕಿದೆವು. ಸೈಟು ದೊಡ್ಡದು. ಅರ್ಧ ಮಾರುವುದು. ಆ ದುಡ್ಡಿನಲ್ಲಿ ಉಳಿದರ್ಧದಲ್ಲಿ ಎರಡು ಭಾಗದ ಮನೆ ಕಟ್ಟುವುದು. ಮುಂದಿನ ಭಾಗ ಬಾಡಿಗೆಗೆ, ಹಿಂದಿನದು ನಮಗೆ. ಬಾಡಿಗೆ ಬಂದದ್ದು ನನ್ನನ್ನು ನೋಡಿಕೊಳ್ಳುವವಳ ಸಂಬಳಕ್ಕೆ. ಮುಂದೆ ಬರುವ ನನ್ನ ಪೆನ್ಷನ್ ಔಷಧಿಗೆ. ಗಂಡನ ಸಂಪಾದನೆ ಮನೆಗೆ ಮತ್ತು ಉಮಾಳ ಓದಿಗೆ.

"ಯಜಮಾನರ ಒಪ್ಪಿಗೆ ಬೇಕಾ ಸಾರ್?"

"ನಿಮ್ಮ ಸಂಪಾದನೆ, ನಿಮ್ಮ ಹೆಸರು. ಕಾನೂನಿಗೆ ಬೇಕಾಗಿಲ್ಲ. ನಿಮಗೆ ಬೇಕಾ, ನೋಡಿಕೊಳ್ಳಿ."

ಆಮೇಲೆ ಉಯಿಲು. ಮನೆ ಉಮಾಳಿಗೆ. ಯಜಮಾನರಿಗೆ ಬದುಕಿರುವ ತನಕ ಅಲ್ಲಿರುವ ಹಕ್ಕು. ವಕೀಲರು ಬರೆದುಕೊಳ್ಳುತ್ತಾ ಅಭ್ಯಾಸಬಲದಿಂದ ಓದಿದರು: "ನನ್ನ ಯೋಗಕ್ಷೇಮವನ್ನು ನೋಡಿಕೊಳ್ಳುತ್ತಿರುವ ನನ್ನ ಮಗಳಿಗೆ..."

"ಅದು ಬೇಡ ಸಾರ್. ನೋಡಿಕೊಂಡರೂ ನೋಡಿಕೊಳ್ಳದಿದ್ದರೂ ಮನೆ ಅವಳದು. ಹಾಗೆ ಬರೀರಿ."

ಅವರು ಪೆನ್ನು ನಿಲ್ಲಿಸಿದರು. "ಎಲ್ಲರೂ ಇದರ ಉಲ್ಟಾ ಬರೆಸುತ್ತಾರಮ್ಮ. ನೋಡಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ ಅಂತ. ನಿಮ್ಮ ಸ್ಥಿತೀಲಿ ಅದೊಂದು ಹಿಡಿತ."

"ನನಗೆ ಅವಳ ಮೇಲೆ ಹಿಡಿತ ಬೇಡ. ನಾಳೆ ಯಾರೂ ಈ ಕಾಗದ ತೋರಿಸಿ ಅವಳನ್ನ ನನ್ನ ಮಂಚಕ್ಕೆ ಕಟ್ಟಿಹಾಕಬಾರದು."

ಅವರು ಹಾಗೇ ಬರೆದರು.

ಮುಂದೆ ಯಾರೂ ತಕರಾರು ತೆಗೆಯಬಾರದೆಂದು ನನ್ನ ಬುದ್ಧಿ ಸರಿಯಾಗಿದೆ ಎನ್ನುವ ಸರ್ಟಿಫಿಕೇಟು ಬೇಕೆಂದರು. ಆಸ್ಪತ್ರೆಗೆ ಹೋದೆ. ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಪ್ರಧಾನಮಂತ್ರಿ ಯಾರು, ಇವತ್ತು ಯಾವ ವಾರ, ನೂರರಿಂದ ಏಳೇಳು ಕಳೆಯಿರಿ ಎಂದರು. ಎಲ್ಲ ಹೇಳಿದೆ. ಬೇಕಾದರೆ ದೇಶದ ಊರುಗಳ ಟ್ರಂಕ್ ರೂಟು ಹೇಳಲಾ ಅಂತ ಕೇಳಿದೆ. ಬೇಡ ಅಂದು ನಗುತ್ತಾ ಸಹಿ ಹಾಕಿದರು.

ರಿಜಿಸ್ಟ್ರಾರ್ ಆಫೀಸಿನಲ್ಲಿ ಗುಮಾಸ್ತರು ನನ್ನ ನಡುಗುವ ಕೈ ನೋಡಿ ಇಂಕ್ ಪ್ಯಾಡು ಮುಂದೆ ತಳ್ಳಿದರು. "ಹೆಬ್ಬೆಟ್ಟು ಒತ್ತಿಬಿಡಿ ಅಮ್ಮ, ಬೇಗ ಆಗತ್ತೆ."

"ನಾನು ಎಸ್ಸೆಸ್ಸೆಲ್ಸಿ. ಸಹಿ ಹಾಕ್ತೀನಿ."

"ಹಿಂದೆ ಜನ ಕಾಯ್ತಿದಾರೆ."

"ಕಾಯ್ಲಿ."

ಎಡಗೈಯಿಂದ ಬಲಗೈ ಮಣಿಕಟ್ಟನ್ನು ಒತ್ತಿ ಹಿಡಿದು ಬರೆದೆ. 'ಗಿ'ಯ ಗುಡಿಸು ಎಲ್ಲೋ ಹೋಯಿತು. 'ಜಾ' ಗೆರೆ ಬಿಟ್ಟು ಕೆಳಗಿಳಿಯಿತು. ಆದರೆ ಓದುವವರು ಗಿರಿಜಾ ಎಂದೇ ಓದಬೇಕು. ಉಯಿಲಿನ, ಅರ್ಧ ಸೈಟಿನ ಕ್ರಯಪತ್ರದ ಪ್ರತಿ ಹಾಳೆಗೂ ಹಾಕಿದೆ. ಗುಮಾಸ್ತರು ಮಧ್ಯದಲ್ಲಿ ಎದ್ದು ಫ್ಯಾನು ನನ್ನ ಕಡೆ ತಿರುಗಿಸಿದರು.

ಅರ್ಧ ಸೈಟು ಮಾರಿದ ಸುದ್ದಿ ತಿಳಿದಾಗ ಭಾವ ಅಂಗಡಿಯಿಂದಲೇ ತಮ್ಮನ ಮೇಲೆ ಕೂಗಾಡುತ್ತಾ ಬಂದರು. ಮನೆ ಒಡೆಯುತ್ತಿದ್ದೀಯ, ಹೆಂಡತಿ ಕುಣಿಸಿದ ಹಾಗೆ ಕುಣಿಯುತ್ತೀಯ, ಹೊರಗೆ ಹೋದರೆ ಹೋದ ಹಾಗೇ ಎಂದರು. ನಾನು ರೂಮಿನ ಮಂಚದಲ್ಲಿದ್ದೆ. ಹಜಾರದಲ್ಲಿ ಬಹಳ ಹೊತ್ತು ಬರೀ ಭಾವನ ದನಿ. ಆಮೇಲೆ ನನ್ನ ಗಂಡನ ದನಿ ಕೇಳಿಸಿತು, ಮೆಲ್ಲಗೆ:

"ಅಣ್ಣಾ, ಬೆಳಿಗ್ಗೆ ಅಂಗಡಿಗೆ ಎಂದಿನ ಹಾಗೇ ಬರ್ತೀನಿ. ಆ ಮನೆ ಕಟ್ಟಿದ ಮೇಲೆ ಸಾಯಂಕಾಲ ಅಲ್ಲಿಗೆ ಹೋಗ್ತೀನಿ. ಅವಳನ್ನ ಬಿಟ್ಟು ನಾನು ಎಲ್ಲೂ ಇರಲ್ಲ."

ಅಷ್ಟೇ ಅಂದದ್ದು. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ನಾನು ಅವರಿಂದ ಕೇಳಿದ ಅತಿ ದೊಡ್ಡ ಮಾತು. ಗೋಡೆಯ ಕಡೆ ತಿರುಗಿ ಮಲಗಿದೆ. ಅವರು ಒಳಗೆ ಬಂದಾಗ ನನ್ನ ಮುಖ ಕಾಣುವುದು ಬೇಡವಾಗಿತ್ತು.

ಸಿಮೆಂಟಿಗೆ ಪರ್ಮಿಟ್ ಬೇಕಾಗಿದ್ದ ಕಾಲ. ಮನೆ ಆಮೆಯಂತೆ ಎದ್ದಿತು. ನಾನು ವಾರಕ್ಕೊಮ್ಮೆ ಆಟೋದಲ್ಲಿ ಹೋಗಿ ಮರದ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದೆ. ಬಾಗಿಲು ಅಗಲ ಇರಬೇಕು, ವೀಲ್‌ಚೇರು ನುಗ್ಗಬೇಕು. ಮಲಗುವ ಕೋಣೆಗೆ ಅಂಟಿಕೊಂಡೇ ಕಮೋಡಿರುವ ಬಚ್ಚಲು. ಗೋಡೆಗೆ ಹಿಡಿದುಕೊಳ್ಳಲು ಕಬ್ಬಿಣದ ಪೈಪು. ಅಲ್ಲಿಯವರೆಗೆ ಮೇಸ್ತ್ರಿ ಸಹಿಸಿಕೊಂಡ. ಯಾವ ಬಾಗಿಲಿಗೂ ಹೊಸ್ತಿಲು ಬೇಡ ಅಂದಾಗ ಕರಣೆ ಕೆಳಗಿಟ್ಟ.

"ಹೊಸ್ತಿಲು ಇಲ್ದೆ ಮನೆ ಹೆಂಗಮ್ಮ ಆಯ್ತದೆ? ನಾಳೆ ಏನಾದ್ರೂ ಆದ್ರೆ ನನ್ ಮೇಲೆ ಬರ್ತದೆ."

"ಆಗೋದೆಲ್ಲ ಆಗಲೇ ಆಗಿದೆಯಪ್ಪ. ನೆಲ ಸಮ ಮಾಡು."

ಗೃಹಪ್ರವೇಶಕ್ಕೆ ಬಂದ ಅಯ್ಯನವರೂ ಬಾಗಿಲ ಹತ್ತಿರ ತಡವರಿಸಿದರು. ಅರಿಶಿನ ಕುಂಕುಮ ಎಲ್ಲಿಗೆ ಇಡುವುದು? ನೆಲಕ್ಕೇ ಇಡಿ ಎಂದೆ. ಇಟ್ಟರು, ವಿಭೂತಿ ಕೊಟ್ಟರು, ಊಟ ಮಾಡಿ ಆಶೀರ್ವಾದ ಮಾಡಿ ಹೋದರು. ಭಾವ ಬರಲಿಲ್ಲ. ನೀಲಕ್ಕ ಬಂದರು.

ನನ್ನನ್ನು ನೋಡಿಕೊಳ್ಳಲು ಕಾಟನ್‌ಪೇಟೆಯ ಪುಟ್ಟಲಕ್ಷ್ಮಿ ಸಿಕ್ಕಳು. ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದವಳು. ಕೈ ಗಟ್ಟಿ, ಬಾಯಿ ಇನ್ನೂ ಗಟ್ಟಿ. ಮೊದಲ ತಿಂಗಳು ನಾವಿಬ್ಬರೂ ದಿನಾ ಜಗಳ. ಸ್ನಾನಕ್ಕೆ ನೀರು ಬಿಸಿಯಿಲ್ಲ, ನೀವು ಮೈ ಬಿಗಿ ಹಿಡೀತೀರ, ಬೆನ್ನು ಒತ್ತಿ ಉಜ್ಜಬೇಡ. ಆಮೇಲೆ ಹೊಂದಿಕೊಂಡೆವು. ಅವಳು ಬರುವುದು ಋಣಕ್ಕಲ್ಲ, ಸಂಬಳಕ್ಕೆ. ಅದೇ ನನಗೆ ನೆಮ್ಮದಿ. ಅವಳ ಮುಂದೆ ಬತ್ತಲೆ ಕೂತಾಗ ನಾನು ಯಾರಿಗೂ ಭಾರವಲ್ಲ.

ಎಲ್ಲ ಸಲೀಸಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಎರಡನೇ ವರ್ಷ ಇಲಾಖೆ ನನ್ನನ್ನು ಕೆಲಸದಿಂದ ಬಿಡುಗಡೆ ಮಾಡಿತು. ಕೊಟ್ಟ ಪೆನ್ಷನ್ನಿಗೆ ಅವರಿಟ್ಟ ಹೆಸರು ಇನ್‌ವ್ಯಾಲಿಡ್ ಪೆನ್ಷನ್, ಕೆಲಸಕ್ಕೆ ಬಾರದವರದು. ಆ ಪದ ಓದಿ ಇಡೀ ದಿನ ಊಟ ಮಾಡಲಿಲ್ಲ. ಬಾಡಿಗೆಯವರು ಬಿಟ್ಟುಹೋಗಿ ಮುಂದಿನ ಭಾಗ ಖಾಲಿ ಬಿದ್ದಾಗ ಪುಟ್ಟಲಕ್ಷ್ಮಿಯ ಸಂಬಳಕ್ಕೆ ನನ್ನ ಕಿವಿಯೋಲೆ ಹೋಯಿತು. ಬೆನ್ನಿನ ಕೆಳಗೆ ಹುಣ್ಣಾಗಿ ಮಳೆಗಾಲ ಪೂರ್ತಿ ಬೋರಲು ಮಲಗಿದ್ದೆ. ಡಾಕ್ಟರು ಹೇಳಿದ ಮೂವತ್ತು ವರ್ಷ ಆಗ ಶಿಕ್ಷೆಯ ಹಾಗೆ ಕೇಳಿಸುತ್ತಿತ್ತು. ಬೇಗ ಮುಗಿಯಬಾರದೇ ಎಂದು ಬೇಡಿಕೊಂಡ ದಿನಗಳಿವೆ. ಅಂಥ ದಿನಗಳಲ್ಲೂ ಒಂದು ವಿಷಯ ಮಾತ್ರ ಸರಿಯಿರುತ್ತಿತ್ತು: ಬೆಳಿಗ್ಗೆ ಉಮಾ ಪುಸ್ತಕದ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದಳು.

ಒಂದು ಮಧ್ಯಾಹ್ನ ನೀಲಕ್ಕ ಒಬ್ಬರೇ ಬಂದರು. ಕಾಫಿ ಕುಡಿದು, ಬಚ್ಚಲಿಗೆ ಹೋಗಿ ಬರುತ್ತೇನೆಂದು ಹೋದವರು ಬಹಳ ಹೊತ್ತು ಬರಲಿಲ್ಲ. ಬಂದವರ ಕಣ್ಣು ಕೆಂಪಾಗಿತ್ತು.

"ಕಕ್ಕಸಿನಲ್ಲಿ ಮಂಡಿ ಮಡಚದೆ ಕೂತು ಎಷ್ಟು ವರ್ಷ ಆಗಿತ್ತೋ," ಅಂದರು. ಸೆರಗಿನಿಂದ ಮುಖ ಒರೆಸಿಕೊಂಡು ದನಿ ತಗ್ಗಿಸಿದರು. "ಗಿರಿಜಾ, ತವರಿಂದ ಬಂದ ಒಂದು ಮಳಿಗೆ ನನ್ನ ಹೆಸರಲ್ಲಿದೆ. ನಿಮ್ಮ ಭಾವನಿಗೂ ಅದು ಮರೆತುಹೋಗಿದೆ. ಆ ವಕೀಲರು ನನ್ನ ಹತ್ರಾನೂ ಮಾತಾಡ್ತಾರಾ?"

"ಮೆಟ್ಟಿಲು ಕಡಿದು ನೀಲಕ್ಕ. ಆಟೋದಲ್ಲೇ ಕೂತ್ಕೊಳ್ಳಿ, ಅವರೇ ಕೆಳಗೆ ಬರ್ತಾರೆ."

ಈಗ ನನ್ನ ಕೈಗಳೂ ಹೆಚ್ಚುಕಡಿಮೆ ಹೋಗಿವೆ. ಇದನ್ನು ನಾನು ಹೇಳುತ್ತಾ ಹೋಗುತ್ತಿದ್ದೇನೆ, ಯಜಮಾನರು ಅಂಗಡಿಯಿಂದ ಬಂದ ಮೇಲೆ ಬರೆದುಕೊಳ್ಳುತ್ತಾರೆ. ತಮ್ಮ ಬಗ್ಗೆ ಬರೆದ ಕಡೆ ಎರಡು ಸಲ ಪೆನ್ನು ಕೆಳಗಿಟ್ಟರು. ನಾನು ಬಿಡಲಿಲ್ಲ.

ಕಳೆದ ತಿಂಗಳು ಉಮಾಳಿಗೆ ಧಾರವಾಡದಲ್ಲಿ ಅಗ್ರಿಕಲ್ಚರ್ ಬಿಎಸ್ಸಿ ಸೀಟು ಬಂತು. ಹಾಸ್ಟೆಲಿನಲ್ಲಿರಬೇಕು. ಭಾವ ಈಗ ಹಬ್ಬಕ್ಕೆ ಬಂದು ಹೋಗುತ್ತಾರೆ. ಈ ಸುದ್ದಿ ಕೇಳಿ, ಇಂಥ ತಾಯಿಯನ್ನು ಬಿಟ್ಟು ಹೋಗುವುದುಂಟೇ ಎಂದರು. ಉಮಾ ಆ ರಾತ್ರಿಯೆಲ್ಲಾ ನಿದ್ದೆ ಮಾಡದೆ ಬೆಳಿಗ್ಗೆ ನನ್ನ ಮಂಚದ ತುದಿಯಲ್ಲಿ ಕೂತಳು.

"ಅಮ್ಮಾ, ಇಲ್ಲೇ ಯಾವುದಾದ್ರೂ ಕಾಲೇಜಿಗೆ ಸೇರ್ಕೊಳ್ತೀನಿ."

"ಇಲ್ಲಿನದು ನಿಂಗೆ ಇಷ್ಟಾನಾ?"

"ಇಲ್ಲ."

"ಮತ್ತೆ?"

"ನಿಂಗೇನಾದ್ರೂ ಆದ್ರೆ?"

"ಆಗತ್ತೆ. ನೀನು ಇಲ್ಲಿದ್ರೂ ಆಗತ್ತೆ. ಆದಾಗ ಟ್ರಂಕ್ ಕಾಲ್ ಬುಕ್ ಮಾಡಿಸ್ತೀನಿ, ಅರ್ಜೆಂಟು ಅಂತ. ನಂಗೆ ಗೊತ್ತಿರೋ ಹುಡುಗಿಯರು ಇನ್ನೂ ಅಲ್ಲೇ ಇದಾರೆ. ಹೋಗು."

ಹೊರಡುವ ದಿನ ಯಜಮಾನರು ಟ್ರಂಕು ಆಟೋಗೆ ಹಾಕಿದರು. ನನ್ನ ವೀಲ್‌ಚೇರನ್ನು ಗೇಟಿನವರೆಗೆ ತಳ್ಳಿಸಿಕೊಂಡು ಹೋದೆ. ಉಮಾ ಬಗ್ಗಿ ನನ್ನ ಕೆನ್ನೆಗೆ ಕೆನ್ನೆ ಒತ್ತಿದಳು, ಮತ್ತೆ ಬಂದು ಮತ್ತೆ ಒತ್ತಿದಳು. "ಹೊರಡು, ಬಸ್ಸು ತಪ್ಪತ್ತೆ" ಅಂದೆ. ಆಟೋ ಮೂಲೆ ತಿರುಗಿತು. ಆಮೇಲೆ ನನಗೆ ತಡೆಯಲಾಗಲಿಲ್ಲ. ಮುಖ ಒರೆಸಿಕೊಳ್ಳಲೂ ಕೈ ಏಳುವುದಿಲ್ಲ. ಪುಟ್ಟಲಕ್ಷ್ಮಿ ತನ್ನ ಸೆರಗಿನಿಂದ ಒರೆಸಿದಳು.

"ಯಾಕಮ್ಮ ಹಿಂಗೆ ಅಳ್ತೀರಾ? ನೀವೇ ಅಲ್ವಾ ಕಳ್ಸಿದ್ದು?"

"ನಾನೇ ಕಳ್ಸಿದ್ದು. ಅದಕ್ಕೇ ಅಳ್ತಿದೀನಿ. ಅವಳನ್ನ ಇಲ್ಲೇ ಕೂರಿಸಿದ್ರೆ ಅಳೋದಕ್ಕೂ ನಂಗೆ ಮುಖ ಇರ್ತಿರಲಿಲ್ಲ."

ಅವಳಿಗೆ ಅದು ಅರ್ಥವಾಯಿತೋ ಇಲ್ಲವೋ. ಬಿಸಿಲು ಏರುತ್ತಿದೆ, ಸ್ನಾನಕ್ಕೆ ಹೊತ್ತಾಯಿತು ಎಂದು ಕುರ್ಚಿ ಒಳಗೆ ತಿರುಗಿಸಿದಳು.